ಆಂಟೆನಾ ಎಷ್ಟಿದ್ದರೂ ಫೋನ್ ಹೇಳಬೇಕು

ವಿಜಯಪುರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ.

ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಗೆ ಹೋದವರಿಗೆಲ್ಲ ಇದು ಗೊತ್ತಿರುತ್ತದೆ. ಫೋನಿನಲ್ಲಿ ಕಡ್ಡಿ ಪೂರ್ತಿ ಇವೆ, ಆದರೆ ಒಂದು ಫೋಟೊ ಹೋಗುವುದಿಲ್ಲ, ಬರುವುದೂ ಇಲ್ಲ. ಟವರ್ ಕಣ್ಣಿಗೆ ಕಾಣುವಷ್ಟು ಹತ್ತಿರ ಇದೆ, ಆದರೂ ಕೆಲಸ ಆಗುತ್ತಿಲ್ಲ. ಯಾಕೆ ಅಂದರೆ ಜನ ಜಾಸ್ತಿ ಅನ್ನುತ್ತೇವೆ. ಉತ್ತರ ಸರಿಯೇ. ಆದರೆ ಜನ ಜಾಸ್ತಿ ಆದಾಗ ಟವರ್ ಏನು ಮಾಡಬಹುದು, ಏನು ಮಾಡಲಾರದು, ಅದು ಯಾರ ಕೈಯಲ್ಲಿದೆ? ಇವತ್ತು ಮಾತಾಡಬೇಕಾದದ್ದು ಅದು.

ಆಂಟೆನಾ ಹೆಚ್ಚಿಸಿದರೆ ಆಯ್ತಲ್ಲ ಅಂತ ನೀವು ಕೇಳಬಹುದು. ಹೆಚ್ಚಿಸಿದ್ದಾರೆ. ಈಗ 5ಜಿ ಟವರ್ ಮೇಲೆ ಕಾಣುವ ಚಪ್ಪಟೆ ಪೆಟ್ಟಿಗೆಗಳಲ್ಲಿ 32 ಅಥವಾ 64 ರೇಡಿಯೊಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಆದರೆ ನಿಮ್ಮ ಫೋನಿಗೆ ಹೇಗೆ ಕೇಳಿಸುತ್ತಿದೆ ಅನ್ನುವುದು ಟವರ್‌ಗೆ ಗೊತ್ತಿಲ್ಲದಿದ್ದರೆ ಅಷ್ಟೂ ರೇಡಿಯೊಗಳ ಹೆಚ್ಚಿನ ಲಾಭ ಸುಮ್ನೆ ಗಾಳಿಗೆ ಹೋಗುತ್ತದೆ. ಫೋನ್ ವಾಪಸ್ ಕಳಿಸುವ ನಾಲ್ಕಾರು ಬಿಟ್‌ನ ವರದಿ ಇದೆಯಲ್ಲ, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ, ಅದಕ್ಕೇ ಇವತ್ತು ಅದರ ಬಗ್ಗೆ ಹೇಳಬೇಕು ಅನ್ನಿಸಿತು.

ಮೊದಲು ಒಂದು ಸಣ್ಣ ಲೆಕ್ಕ. 1948ರಲ್ಲಿ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಒಂದು ಮಿತಿಯನ್ನು ಕಂಡುಹಿಡಿದರು. ಇಷ್ಟು ಅಗಲದ ತರಂಗಪಟ್ಟಿ, ಗದ್ದಲಕ್ಕಿಂತ ಸಿಗ್ನಲ್ ಇಷ್ಟು ಪಟ್ಟು ಜೋರು ಅಂದರೆ, ತಪ್ಪಿಲ್ಲದೆ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಬಿಟ್ ಕಳಿಸಬಹುದು ಅನ್ನುವ ಮಿತಿ ಅದು. 20 ಮೆಗಾಹರ್ಟ್ಸ್ ಇದೆ, ಸಿಗ್ನಲ್ ಗದ್ದಲಕ್ಕಿಂತ 15 ಪಟ್ಟು ಇದೆ ಅಂದುಕೊಳ್ಳಿ. ಮಿತಿ ಸೆಕೆಂಡಿಗೆ 80 ಮೆಗಾಬಿಟ್. ಈಗ ಟವರ್‌ನ ಪವರ್ ಎರಡು ಪಟ್ಟು ಮಾಡಿ. 160 ಆಗುತ್ತದಾ? ಇಲ್ಲ, ಸುಮಾರು 99 ಆಗುತ್ತದೆ ಅಷ್ಟೇ. ಬರೀ ಪವರ್ ಹೆಚ್ಚಿಸಿ 160 ಮುಟ್ಟಬೇಕೆಂದರೆ ಸಿಗ್ನಲ್ 255 ಪಟ್ಟು ಆಗಬೇಕು, ಅಂದರೆ ಪವರ್ 17 ಪಟ್ಟು ಬೇಕು. ಯಾರೂ ಅಷ್ಟು ಕರೆಂಟ್ ಬಿಲ್ ಕಟ್ಟಲಾರರು. ಪಕ್ಕದ ಟವರ್‌ನವರಿಗೆ ತೊಂದರೆ ಬೇರೆ.

ಅದೇ ಟವರ್‌ನಲ್ಲಿ ಎರಡು ಆಂಟೆನಾ, ಫೋನಿನಲ್ಲಿ ಎರಡು ಆಂಟೆನಾ ಇಟ್ಟು, ಅವುಗಳ ನಡುವಿನ ದಾರಿಗಳು ಚೆನ್ನಾಗಿ ಬೇರೆ ಬೇರೆ ಇದ್ದರೆ, ಒಂದೇ ಹೊತ್ತಿಗೆ ಅದೇ ತರಂಗದಲ್ಲಿ ಎರಡು ಸಾಲು ಮಾಹಿತಿ ಕಳಿಸಬಹುದು. ಪವರ್ ಹೆಚ್ಚಿಸದೆ ಹತ್ತಿರ ಹತ್ತಿರ ಎರಡು ಪಟ್ಟು. ನಾಲ್ಕು ನಾಲ್ಕು ಇಟ್ಟರೆ ನಾಲ್ಕು ಪಟ್ಟಿನ ಕಡೆ. ಇದಕ್ಕೆ ಮೈಮೊ (MIMO, ಅಂದರೆ ಹಲವು ಆಂಟೆನಾದಿಂದ ಹಲವು ಆಂಟೆನಾಕ್ಕೆ) ಅನ್ನುತ್ತಾರೆ.

ಇಲ್ಲಿ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆರೋಗ್ಯಸ್ವಾಮಿ ಪಾಲ್‌ರಾಜ್. ಪೊಳ್ಳಾಚಿಯಲ್ಲಿ ಹುಟ್ಟಿದವರು, ಭಾರತೀಯ ನೌಕಾಪಡೆಯಲ್ಲಿ ಇದ್ದವರು, ಹಡಗುಗಳಿಗೆ ಸೋನಾರ್ ಕಟ್ಟಿದ ತಂಡವನ್ನು ಮುನ್ನಡೆಸಿದವರು. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೊಗಳ ಸರ್ಕಾರಿ ಸಂಶೋಧನಾ ಕೇಂದ್ರವನ್ನು ಶುರುಮಾಡಿ ನಡೆಸಿದರು. ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋದರು. ಅಲ್ಲಿ ಪುಣೆಯಲ್ಲಿ ಹುಟ್ಟಿದ ಥಾಮಸ್ ಕೈಲಾತ್ ಅವರ ಜೊತೆ ಸೇರಿ, ಹಲವು ಆಂಟೆನಾಗಳಿಂದ ಒಂದೇ ತರಂಗದಲ್ಲಿ ಹಲವು ಸಾಲು ಕಳಿಸುವ ಉಪಾಯಕ್ಕೆ 1994ರಲ್ಲಿ ಪೇಟೆಂಟ್ ಪಡೆದರು. 2014ರಲ್ಲಿ ಪಾಲ್‌ರಾಜ್ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ಬೆಲ್ ಲ್ಯಾಬ್ಸ್‌ನಲ್ಲಿ ಫೋಶಿನಿ ಮತ್ತು ತೆಲತಾರ್ ಅನ್ನುವವರು 1990ರ ದಶಕದ ನಡುವಿನಲ್ಲಿ ಇದರ ಸಾಮರ್ಥ್ಯದ ಗಣಿತ ಬರೆದರು. ಇಲ್ಲಿ ಕೂತಿರುವ ಎಲೆಕ್ಟ್ರಾನಿಕ್ಸ್ ಹುಡುಗ ಹುಡುಗಿಯರು ಈ ಹೆಸರುಗಳನ್ನು ನೆನಪಿಡಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ. ನಿಮ್ಮ ಜೇಬಿನ ಫೋನಿನೊಳಗೆ ಇವರ ಕೆಲಸ ಇದೆ.

ಈಗ ದಾರಿಗಳು ಬೇರೆ ಬೇರೆ ಅಂದೆನಲ್ಲ, ಹಾಗಂದರೇನು?

ಗೋಲಗುಮ್ಮಟದ ಮೇಲಿನ ಪಿಸುಮಾತಿನ ಗ್ಯಾಲರಿಗೆ ನೀವೆಲ್ಲ ಹತ್ತಿದ್ದೀರಿ. 1656ರಲ್ಲಿ ಮುಗಿದ ಕಟ್ಟಡ, ಒಳಗೆ ಸುಮಾರು 38 ಮೀಟರ್ ಅಗಲದ ಗುಮ್ಮಟ. ಅಲ್ಲಿ ಒಂದು ಚಪ್ಪಾಳೆ ಹೊಡೆದರೆ ಅದು ಒಂದೇ ಸಲ ಕೇಳಿಸಿ ಸುಮ್ಮನಾಗುವುದಿಲ್ಲ, ಗೋಡೆಗೆ ಬಡಿದು ಮತ್ತೆ ಮತ್ತೆ ಬರುತ್ತದೆ. ಈಗ ನೀವು ಒಂದು ಕಡೆ ನಿಂತಿದ್ದೀರಿ, ನಾನು ಎದುರು ಕಡೆ. ನೀವು ಹೊಡೆಯುವುದು ಒಂದೇ ಚಪ್ಪಾಳೆ ಅಂತ ನನಗೆ ಮೊದಲೇ ಗೊತ್ತು. ಹಾಗಾದರೆ ನನ್ನ ಕಿವಿಗೆ ಏನೇನು ಬಂತು, ಯಾವುದು ಎಷ್ಟು ತಡವಾಗಿ, ಎಷ್ಟು ಮೆತ್ತಗೆ ಬಂತು ಅಂತ ಗಮನಿಸಿದರೆ, ನಮ್ಮಿಬ್ಬರ ನಡುವಿನ ಗುಮ್ಮಟ ಸದ್ದಿಗೆ ಏನು ಮಾಡುತ್ತದೆ ಅನ್ನುವುದು ಪೂರ್ತಿ ನನ್ನ ಕೈಗೆ ಸಿಗುತ್ತದೆ. ಟವರ್ ಮತ್ತು ಫೋನ್ ಮಾಡುವುದು ಇದನ್ನೇ. ಟವರ್ ಆಗಾಗ ಒಂದು ಗೊತ್ತಿರುವ ಸಿಗ್ನಲ್ ಕಳಿಸುತ್ತದೆ, ಅದರಲ್ಲಿ ಮಾಹಿತಿ ಏನೂ ಇಲ್ಲ, ಅದಕ್ಕೆ ಪೈಲಟ್ ಅನ್ನುತ್ತಾರೆ. ಫೋನ್ ಅದನ್ನು ಕೇಳಿ ನಡುವಿನ ದಾರಿಯನ್ನು, ಅಂದರೆ ಚಾನಲ್ ಅನ್ನು, ಅಳೆಯುತ್ತದೆ.

ಆದರೆ ಒಂದು ವಿಷಯ ಗಮನಿಸಿ. ದಾರಿ ಹೇಗಿದೆ ಅಂತ ಗೊತ್ತಾಗಿದ್ದು ಕೇಳಿಸಿಕೊಂಡವನಿಗೆ. ಚಪ್ಪಾಳೆ ಹೊಡೆದವನಿಗೆ ಏನೂ ಗೊತ್ತಾಗಿಲ್ಲ. ಫೋನಿಗೆ ಗೊತ್ತು, ಟವರ್‌ಗೆ ಗೊತ್ತಿಲ್ಲ. ನಿರ್ಧಾರ ಮಾಡಬೇಕಾದ್ದು ಮಾತ್ರ ಟವರ್. ಯಾವ ಆಂಟೆನಾದಿಂದ ಎಷ್ಟು, ಯಾವ ಹಂತದಲ್ಲಿ (ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಜಾಗದಲ್ಲಿದೆ ಅನ್ನುವುದು) ಕಳಿಸಬೇಕು, ಎಷ್ಟು ವೇಗದಲ್ಲಿ ಕಳಿಸಬೇಕು, ಎಷ್ಟು ಸಾಲು ಕಳಿಸಬೇಕು, ಯಾರಿಗೆ ಮೊದಲು ಕಳಿಸಬೇಕು, ಎಲ್ಲ ಅದರದೇ ಕೆಲಸ. ಹಾಗಾಗಿ ಫೋನ್ ವಾಪಸ್ ಹೇಳಲೇಬೇಕು, ಇದಕ್ಕೇ ಫೀಡ್‌ಬ್ಯಾಕ್ ಅನ್ನುವುದು.

ಎಷ್ಟು ಹೇಳಬೇಕು? ಇಲ್ಲಿಂದ ವಿಷಯ ರುಚಿಕಟ್ಟಾಗುತ್ತದೆ.

ಟವರ್‌ನಲ್ಲಿ ನಾಲ್ಕು ಆಂಟೆನಾ, ನಿಮ್ಮ ಫೋನಿನಲ್ಲಿ ಒಂದು. ನಾಲ್ಕರಿಂದ ಬಂದ ಅಲೆಗಳು ನಿಮ್ಮ ಫೋನಿನಲ್ಲಿ ಕೂಡುತ್ತವೆ. ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕರೆ ಎರಡೂ ಅಳಿಸಿಹೋಗುತ್ತವೆ. ನಾಲ್ಕೂ ಒಟ್ಟಿಗೆ ಏರಿದರೆ, ಟವರ್ ಖರ್ಚು ಮಾಡಿದ ಅಷ್ಟೇ ಪವರ್‌ಗೆ ನಿಮಗೆ ಸಿಗುವ ಬಲ ನಾಲ್ಕು ಪಟ್ಟು. ಟವರ್‌ಗೆ ಏನೂ ಗೊತ್ತಿಲ್ಲದೆ ಕಳಿಸಿದರೆ ಸರಾಸರಿ ಒಂದು ಪಟ್ಟು, ಅಂದರೆ ಆಂಟೆನಾ ಇದ್ದೂ ಬಲ ಹೆಚ್ಚಲಿಲ್ಲ. ಈಗ ಫೋನ್ ಬರೀ ಇಷ್ಟು ಹೇಳಲಿ: ಮೊದಲ ಆಂಟೆನಾಕ್ಕೆ ಹೋಲಿಸಿದರೆ ಎರಡನೆಯದರ ಹಂತವನ್ನು ಎಷ್ಟು ತಿರುಗಿಸಬೇಕು, ಮೂರನೆಯದರದು ಎಷ್ಟು, ನಾಲ್ಕನೆಯದರದು ಎಷ್ಟು. ಅದೂ ನಿಖರವಾಗಿ ಬೇಡ. ಸೊನ್ನೆ, 90, 180, 270 ಡಿಗ್ರಿ, ಈ ನಾಲ್ಕರಲ್ಲಿ ಹತ್ತಿರದ್ದು ಯಾವುದು ಅಂತ ಹೇಳಿದರೆ ಸಾಕು. ಒಂದೊಂದಕ್ಕೆ ಎರಡು ಬಿಟ್, ಒಟ್ಟು 6 ಬಿಟ್. ನಾಲ್ಕೂ ಆಂಟೆನಾದಿಂದ ಬರುವ ಬಲ ಒಂದೇ ಸಮ ಅಂದುಕೊಂಡು ಲೆಕ್ಕ ಹಾಕಿ, ಮನೆಯಲ್ಲಿ ನೀವೇ ಹಾಕಿ ನೋಡಬಹುದು, ಸರಾಸರಿ ಸುಮಾರು 3.5 ಪಟ್ಟು ಬಲ ಸಿಗುತ್ತದೆ. ಪೂರ್ತಿ ನಿಖರವಾಗಿ ಗೊತ್ತಿದ್ದರೆ 4. ಆರು ಬಿಟ್‌ಗೆ ಹತ್ತಿರ ಹತ್ತಿರ ಎಲ್ಲವೂ ಸಿಕ್ಕಿತು! ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಇನ್ನೊಂದು ಉಪಾಯ ಸಂಪರ್ಕ ವಿದ್ಯೆಯಲ್ಲಿ ಸಿಗುವುದು ಕಷ್ಟ ಅಂತ ನಾನು ನಂಬಿದ್ದೇನೆ.

4ಜಿಯಲ್ಲಿ ಇದನ್ನು ಇನ್ನೂ ಬಿಗಿಯಾಗಿ ಮಾಡಿದರು. ಆಂಟೆನಾಗಳ ಹಂತಗಳನ್ನು ಹೇಗೆ ಹೊಂದಿಸಬೇಕು ಅನ್ನುವ ಒಂದೇ ಪಟ್ಟಿ ಟವರ್ ಮತ್ತು ಫೋನ್ ಇಬ್ಬರ ಹತ್ತಿರವೂ ಇರುತ್ತದೆ, ಕೋಡ್‌ಬುಕ್ ಅಂತ. ನಾಲ್ಕು ಆಂಟೆನಾದ ಕೋಡ್‌ಬುಕ್‌ನಲ್ಲಿ 16 ಆಯ್ಕೆಗಳಿವೆ. ಫೋನ್ ಎಲ್ಲವನ್ನೂ ಒಳಗೇ ಪರೀಕ್ಷೆ ಮಾಡಿ, ನನಗೆ 11ನೆಯದು ಚೆನ್ನಾಗಿ ಹೊಂದುತ್ತದೆ ಅಂತ ಬರೀ ನಂಬರ್ ಕಳಿಸುತ್ತದೆ. ನಾಲ್ಕು ಬಿಟ್. ಇದಕ್ಕೆ ಪಿಎಂಐ ಅಂತ ಹೆಸರು. ಜೊತೆಗೆ ಆರ್‌ಐ, ಅಂದರೆ ನನಗೆ ಎಷ್ಟು ಸಾಲು ಕಳಿಸಿದರೆ ಬಿಡಿಸಿಕೊಳ್ಳಬಲ್ಲೆ ಅನ್ನುವ ಸಂಖ್ಯೆ. ಮತ್ತೆ ಸಿಕ್ಯೂಐ, ಎಷ್ಟು ವೇಗದಲ್ಲಿ ಕಳಿಸಬಹುದು ಅನ್ನುವುದು. ಸಿಕ್ಯೂಐ ಕೂಡ ನಾಲ್ಕೇ ಬಿಟ್, ಸೊನ್ನೆಯಿಂದ 15. ಸೊನ್ನೆ ಅಂದರೆ ಏನೂ ಆಗುವುದಿಲ್ಲ ಅಂತ. ಒಂದು ಅಂದರೆ ಒಂದು ಚಿಹ್ನೆಗೆ 0.15 ಬಿಟ್, 15 ಅಂದರೆ 5.55 ಬಿಟ್. ಒಂದೇ ಟವರ್, ಒಂದೇ ತರಂಗಪಟ್ಟಿ, ಆದರೂ ಇಬ್ಬರ ನಡುವೆ 36 ಪಟ್ಟು ವ್ಯತ್ಯಾಸ ಇರಬಹುದು. ನಿಮ್ಮ ಗೆಳೆಯನ ಫೋನಿನಲ್ಲಿ ವಿಡಿಯೊ ಓಡುತ್ತದೆ, ನಿಮ್ಮದರಲ್ಲಿ ಸುತ್ತುತ್ತಲೇ ಇರುತ್ತದೆ ಅಂದರೆ ಒಂದು ಕಾರಣ ಇಲ್ಲಿ ಇರಬಹುದು.

ಫೋನ್ ಹೇಳಿದ ಸಿಕ್ಯೂಐಯನ್ನು ಟವರ್ ಕಣ್ಣು ಮುಚ್ಚಿ ನಂಬುವುದಿಲ್ಲ. ನೂರು ತುಂಡು ಕಳಿಸಿದರೆ ಹತ್ತು ಕೆಡಬಹುದು, ಅದಕ್ಕಿಂತ ಹೆಚ್ಚು ಬೇಡ ಅನ್ನುವುದು ಗುರಿ. ಒಂದು ತುಂಡು ಸರಿಯಾಗಿ ಮುಟ್ಟಿದರೆ ಟವರ್ ತನ್ನ ಅಂದಾಜನ್ನು ಒಂದು ಹೆಜ್ಜೆ ಮೇಲೆ ಮಾಡುತ್ತದೆ, ಕೆಟ್ಟರೆ ಒಂಬತ್ತು ಹೆಜ್ಜೆ ಕೆಳಗೆ ಇಳಿಸುತ್ತದೆ. ಒಂದಕ್ಕೆ ಒಂಬತ್ತು ಇಟ್ಟರೆ ತಾನಾಗಿಯೇ ಹತ್ತಕ್ಕೆ ಒಂದು ತಪ್ಪಿನ ಹತ್ತಿರ ಬಂದು ನಿಲ್ಲುತ್ತದೆ. ಮುಟ್ಟಿತು, ಮುಟ್ಟಲಿಲ್ಲ ಅನ್ನುವ ಆ ಒಂದು ಬಿಟ್ ಕೂಡ ಒಂದು ಬಗೆಯ ಫೀಡ್‌ಬ್ಯಾಕ್, ಅಲ್ವಾ?

ಈ ಆರ್‌ಐ ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ. ಗಾಂಧಿ ಚೌಕದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಸುತ್ತ ಕಟ್ಟಡ, ಅಂಗಡಿ, ವಾಹನ. ಅಲೆ ನಾಲ್ಕಾರು ಕಡೆ ಬಡಿದು ಬೇರೆ ಬೇರೆ ದಿಕ್ಕಿನಿಂದ ಬರುತ್ತದೆ. ಹಾಗಾಗಿ ನಿಮ್ಮ ಫೋನಿನ ನಾಲ್ಕು ಆಂಟೆನಾಗಳಿಗೆ ಬೇರೆ ಬೇರೆ ಮಿಶ್ರಣ ಕೇಳಿಸುತ್ತದೆ, ಸಮೀಕರಣ ಬಿಡಿಸಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಾಲು ಬೇರೆ ಮಾಡಬಹುದು. ಈಗ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಹೋಗಿ. ಬಯಲು. ಎರಿ ಭೂಮಿ, ಅಡ್ಡ ಏನೂ ಇಲ್ಲ, ದೂರದಲ್ಲಿ ಟವರ್ ನೇರವಾಗಿ ಕಾಣುತ್ತದೆ. ಸಿಗ್ನಲ್ ಚೆನ್ನಾಗಿ ಬರುತ್ತದೆ. ಆದರೆ ಬರುವ ದಾರಿ ಒಂದೇ. ನಾಲ್ಕು ಆಂಟೆನಾಕ್ಕೂ ಹೆಚ್ಚು ಕಡಿಮೆ ಅದೇ ಕೇಳಿಸುತ್ತದೆ. ನಾಲ್ಕು ಸಮೀಕರಣ ಬರೆದರೂ ಎಲ್ಲ ಒಂದೇ ಸಮೀಕರಣ. ಟವರ್ ಎರಡು ಬಗೆಯ ಧ್ರುವೀಕರಣ, ಅಂದರೆ ಒಂದಕ್ಕೊಂದು ಅಡ್ಡವಾಗಿ ಓರೆಯಾಗಿ ಕಂಪಿಸುವ ಅಲೆಗಳನ್ನು, ಬಳಸುವುದರಿಂದ ಎರಡು ಸಾಲು ಸಿಗಬಹುದು, ಅದಕ್ಕಿಂತ ಹೆಚ್ಚು ಕಷ್ಟ. ಫೋನ್ ಆಗ ಆರ್‌ಐ ಒಂದು ಅಥವಾ ಎರಡು ಅಂತ ಹೇಳುತ್ತದೆ. ಸರಿಯಾಗಿ ಹೇಳಿದರೆ ಟವರ್ ಇರುವ ಬಲವನ್ನೆಲ್ಲ ಆ ದಾರಿಗೇ ಹಾಕುತ್ತದೆ. ಇದು ಗೊತ್ತಿಲ್ಲದೆ ನಾಲ್ಕು ಸಾಲು ಕಳಿಸಿದರೆ ನಾಲ್ಕೂ ಕೆಡುತ್ತವೆ. ಬಯಲು ಸೀಮೆಯಲ್ಲಿ ಆಂಟೆನಾ ಹೆಚ್ಚಿದಷ್ಟೂ ಒಬ್ಬರ ಫೋನಿನ ವೇಗ ಹೆಚ್ಚುತ್ತದೆ ಅಂತ ತಿಳಿಯಬೇಡಿ. ಲಾಭ ಇರುವುದು ಬೀಮ್, ಅಂದರೆ ಒಂದು ಕಡೆಗೆ ಕೂಡಿಸಿ ಕಳಿಸುವ ಅಲೆ, ಚೂಪಾಗುವುದರಲ್ಲಿ, ಮತ್ತು ಒಂದೇ ಹೊತ್ತಿಗೆ ಹಲವರಿಗೆ ಕೊಡುವುದರಲ್ಲಿ.

ಹಲವರಿಗೆ ಅಂದೆ. ಜಾತ್ರೆಯ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ನೂರಾರು ಫೋನುಗಳಿವೆ. ಪ್ರತಿಯೊಂದರ ಚಾನಲ್ ಕ್ಷಣಕ್ಷಣಕ್ಕೆ ಏರುತ್ತದೆ, ಇಳಿಯುತ್ತದೆ. ಎಲ್ಲರ ವರದಿ ಟವರ್ ಹತ್ತಿರ ಇದ್ದರೆ, ಈ ಮಿಲಿಸೆಕೆಂಡಿನಲ್ಲಿ ಯಾರ ಚಾನಲ್ ತನ್ನ ಸರಾಸರಿಗಿಂತ ಚೆನ್ನಾಗಿದೆಯೋ ಅವರಿಗೆ ಕೊಡಬಹುದು. ಜನ ಹೆಚ್ಚಿದಷ್ಟೂ ಯಾರಾದರೂ ಒಬ್ಬರು ಏರಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಅಂದರೆ ಜನ ಜಾಸ್ತಿ ಆದರೆ ಟವರ್‌ನ ಒಟ್ಟು ಸಾಮರ್ಥ್ಯ ಸ್ವಲ್ಪ ಹೆಚ್ಚುತ್ತದೆ! ಪಾಲು ಕಡಿಮೆಯಾಗುವುದು ನಿಜ, ಆದರೆ ಒಟ್ಟು ಹೆಚ್ಚುತ್ತದೆ. 2002ರಲ್ಲಿ ಪ್ರಮೋದ್ ವಿಶ್ವನಾಥ್, ಡೇವಿಡ್ ತ್ಸೆ ಮತ್ತು ರಾಜೀವ್ ಲರೋಯ ಇದನ್ನು ಬಹಳ ಚೆಂದವಾಗಿ ತೋರಿಸಿದರು.

ಇನ್ನೂ ಮುಂದೆ ಹೋಗಿ ಇಬ್ಬರಿಗೆ ಒಂದೇ ಕ್ಷಣದಲ್ಲಿ, ಒಂದೇ ತರಂಗದಲ್ಲಿ ಕಳಿಸಬಹುದು. ನಿಮಗೆ ಕಳಿಸುವ ಬೀಮ್ ನಿಮ್ಮ ಕಡೆ ಜೋರಾಗಿರಬೇಕು, ಅದರ ಜೊತೆಗೆ ಪಕ್ಕದವರ ಫೋನಿನಲ್ಲಿ ಅದು ಪೂರ್ತಿ ಅಳಿಸಿಹೋಗಬೇಕು. ಅವರಿಗೆ ಕಳಿಸುವುದು ನಿಮ್ಮಲ್ಲಿ ಅಳಿಸಿಹೋಗಬೇಕು. ಜೋರು ಮಾಡುವುದು ಸುಲಭ, 6 ಬಿಟ್‌ನಲ್ಲಿ ಆಯಿತು. ಅಳಿಸುವುದು ಕಷ್ಟ. ಏರಿನಲ್ಲಿ ಸ್ವಲ್ಪ ತಪ್ಪಾದರೆ ಏನೂ ಆಗುವುದಿಲ್ಲ, ಸೊನ್ನೆಯಲ್ಲಿ ಸ್ವಲ್ಪ ತಪ್ಪಾದರೆ ಅದು ಸೊನ್ನೆಯಾಗಿ ಉಳಿಯುವುದಿಲ್ಲ. ಪಕ್ಕದವರ ಮಾತು ನಿಮ್ಮ ಫೋನಿಗೆ ಸೋರುತ್ತದೆ. ಟವರ್ ಪವರ್ ಹೆಚ್ಚಿಸಿದರೆ ನಿಮ್ಮ ಸಿಗ್ನಲ್ ಹೆಚ್ಚುತ್ತದೆ, ಸೋರುವುದೂ ಅಷ್ಟೇ ಹೆಚ್ಚುತ್ತದೆ. ಎರಡರ ಅನುಪಾತ ಅಲ್ಲೇ ನಿಂತುಬಿಡುತ್ತದೆ. ಕಡ್ಡಿ ಪೂರ್ತಿ ಇದ್ದೂ ಫೋಟೊ ಬರದೆ ಇರುವುದಕ್ಕೆ ಇದೂ ಒಂದು ಕಾರಣ ಆಗಬಹುದು.

ಸಂಶೋಧಕ ನಿಹಾರ್ ಜಿಂದಾಲ್ 2006ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಸಿಗ್ನಲ್ ಹೆಚ್ಚಾದಂತೆ ಫೀಡ್‌ಬ್ಯಾಕ್ ಬಿಟ್‌ಗಳೂ ಹೆಚ್ಚಬೇಕು, ಇಲ್ಲದಿದ್ದರೆ ಲಾಭ ನಿಂತುಹೋಗುತ್ತದೆ ಅಂತ. ನಾಲ್ಕು ಆಂಟೆನಾ ಇದ್ದರೆ ಲೆಕ್ಕ ನೆನಪಿಡಲು ಸುಲಭ: ಒಂದೊಂದು ಡೆಸಿಬೆಲ್‌ಗೆ ಒಂದು ಬಿಟ್. ಸಿಗ್ನಲ್ ಗದ್ದಲಕ್ಕಿಂತ 10 ಡೆಸಿಬೆಲ್, ಅಂದರೆ ಹತ್ತು ಪಟ್ಟು, ಮೇಲಿದ್ದರೆ ಪ್ರತಿ ಫೋನ್ 10 ಬಿಟ್ ಹೇಳಬೇಕು, 20 ಇದ್ದರೆ 20 ಬಿಟ್. 20 ಬಿಟ್ ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಆಯ್ಕೆಗಳ ಕೋಡ್‌ಬುಕ್. 4ಜಿಯ ಆ ಕೋಡ್‌ಬುಕ್‌ನಲ್ಲಿ ಇರುವುದು 16. ಈ ಎರಡು ಸಂಖ್ಯೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ 4ಜಿಯಲ್ಲಿ ಹಲವರಿಗೆ ಒಟ್ಟಿಗೆ ಕಳಿಸುವ ಉಪಾಯ ಪುಸ್ತಕದಲ್ಲಿ ಹೇಳಿದಷ್ಟು ಫಲ ಯಾಕೆ ಕೊಡಲಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಓದಿದವರಿಗೆ ಒಂದು ಅನುಮಾನ ಬರಬೇಕು. ಶಾನನ್ 1956ರಲ್ಲೇ, ನೆನಪಿಲ್ಲದ ಚಾನಲ್‌ನಲ್ಲಿ, ಅಂದರೆ ಹಿಂದೆ ಹೋದದ್ದರ ಪ್ರಭಾವ ಈಗಿನದರ ಮೇಲೆ ಇಲ್ಲದ ಕಡೆ, ಫೀಡ್‌ಬ್ಯಾಕ್ ಕೊಟ್ಟರೂ ಸಾಮರ್ಥ್ಯ ಹೆಚ್ಚುವುದಿಲ್ಲ ಅಂತ ಸಾಧಿಸಿದ್ದಾರಲ್ಲ? ಸಾಧಿಸಿದ್ದಾರೆ. ಆದರೆ ಅವರ ಲೆಕ್ಕದಲ್ಲಿ ಚಾನಲ್ ಬದಲಾಗದೆ ನಿಂತಿದೆ, ಕಳಿಸುವವರು ಒಬ್ಬರು, ಕೇಳುವವರು ಒಬ್ಬರು. ನಮ್ಮ ಚಾನಲ್ ಏರಿಳಿಯುತ್ತದೆ, ಆಂಟೆನಾ ಹಲವು, ಕೇಳುವವರೂ ಹಲವರು. ಕಳಿಸಿದ್ದು ಏನು ಬಂತು ಅಂತ ಫೋನ್ ಹೇಳುತ್ತಿಲ್ಲ, ದಾರಿ ಈಗ ಹೇಗಿದೆ ಅಂತ ಹೇಳುತ್ತಿದೆ. ಹಾಗಾಗಿ ಎರಡಕ್ಕೂ ಜಗಳ ಇಲ್ಲ.

ಹಾಗಾದರೆ ಫೋನ್ ಎಲ್ಲವನ್ನೂ ಬಿಡಿಸಿ ಹೇಳಿಬಿಡಲಿ ಅನ್ನಬಹುದು. ಲೆಕ್ಕ ಹಾಕೋಣ. ಟವರ್‌ನಲ್ಲಿ 32 ಆಂಟೆನಾ, ಫೋನಿನಲ್ಲಿ 4, ಒಟ್ಟು 128 ಜೋಡಿ. ಒಂದೊಂದಕ್ಕೆ 16 ಬಿಟ್ ಕೊಡಿ, 2,048 ಬಿಟ್. ಅಗಲದ ತರಂಗಪಟ್ಟಿಯಲ್ಲಿ ಚಾನಲ್ ಎಲ್ಲ ಕಡೆ ಒಂದೇ ಇರುವುದಿಲ್ಲ, ಅದನ್ನು 13 ಭಾಗ ಮಾಡಿ ಹೇಳಬೇಕು ಅಂದರೆ 26,624 ಬಿಟ್. 5 ಮಿಲಿಸೆಕೆಂಡಿಗೆ ಒಂದು ಸಲ ಕಳಿಸಿದರೆ ಸೆಕೆಂಡಿಗೆ 53 ಲಕ್ಷ ಬಿಟ್. ಒಂದು ಫೋನಿನಿಂದ, ಬರೀ ವರದಿಗೆ! ಫೋನಿನ ಪವರ್ ಸಾಮಾನ್ಯವಾಗಿ 200 ಮಿಲಿವಾಟ್, ಟವರ್‌ನದು ಹತ್ತಾರು ವಾಟ್. ನೀವು ಫೋಟೊ ಕಳಿಸಬೇಕಾದ ದಾರಿಯೂ ಅದೇ. ವರದಿಯೇ ದಾರಿಯನ್ನೆಲ್ಲ ತುಂಬಿದರೆ ಫೋಟೊ ಯಾವಾಗ ಹೋಗಬೇಕು?

ಅದಕ್ಕೆ 5ಜಿಯಲ್ಲಿ ಎರಡು ಬಗೆಯ ಕೋಡ್‌ಬುಕ್ ಮಾಡಿದರು. ಮೊದಲ ಬಗೆ ಹಳೆಯದರ ಹಾಗೆ, ಹೆಚ್ಚು ಕಡಿಮೆ ಒಂದು ಬೀಮ್ ತೋರಿಸಿ ಸುಮ್ಮನಾಗುತ್ತದೆ. ಎರಡನೆಯದು ನಾಲ್ಕರವರೆಗೆ ಬೀಮ್‌ಗಳನ್ನು ಆರಿಸಿ, ಯಾವುದು ಎಷ್ಟು ಜೋರು, ಯಾವ ಹಂತ ಅಂತ ಬೆರಕೆಯನ್ನು ಹೇಳುತ್ತದೆ. ವರದಿ ನೂರಾರು ಬಿಟ್ ಆಗುತ್ತದೆ, ಆದರೆ ಅಳಿಸುವ ಕೆಲಸಕ್ಕೆ ಬೇಕಾದ ಸೂಕ್ಷ್ಮ ಸಿಗುತ್ತದೆ. ಆಮೇಲೆ ಬಂದ, 5ಜಿ ಮಾನದಂಡದ 16ನೇ ಆವೃತ್ತಿಯಲ್ಲಿ ಇನ್ನೊಂದು ಜಾಣತನ ಸೇರಿತು. ಗುಮ್ಮಟದಲ್ಲಿ ಮುಖ್ಯವಾದ ಪ್ರತಿಧ್ವನಿಗಳು ಕೆಲವೇ ಇರುತ್ತವೆ. ರೇಡಿಯೊದಲ್ಲೂ ಹಾಗೆ, 300 ಮೀಟರ್ ಹೆಚ್ಚು ಸುತ್ತಿ ಬಂದ ಅಲೆ ಒಂದು ಮೈಕ್ರೊಸೆಕೆಂಡ್ ತಡವಾಗಿ ಬರುತ್ತದೆ, ಅಂಥ ಬಲವಾದ ದಾರಿಗಳು ಬೆರಳೆಣಿಕೆ. ಹಾಗಿದ್ದ ಮೇಲೆ ಪಟ್ಟಿಯ 13 ಭಾಗಕ್ಕೂ ಬೇರೆ ಬೇರೆ ಹೇಳುವುದು ಯಾಕೆ? ಆ ಕೆಲವು ತಡಗಳನ್ನು ಹೇಳಿದರೆ ಉಳಿದದ್ದನ್ನು ಟವರ್ ತಾನೇ ಕಟ್ಟಿಕೊಳ್ಳುತ್ತದೆ. ವರದಿ ಗಣನೀಯವಾಗಿ ಚಿಕ್ಕದಾಯಿತು. ಪ್ರಕೃತಿಯಲ್ಲಿ ಇರುವ ಸರಳತೆಯನ್ನು ಗುರುತಿಸಿ ಬಿಟ್ ಉಳಿಸುವುದು ಅಂದರೆ ಇದು, ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾಗುವ ಭಾಗ.

ಇಷ್ಟೆಲ್ಲ ಆದರೂ ಒಂದು ಶತ್ರು ಇದ್ದೇ ಇದೆ. ಹೊತ್ತು.

ಫೋನ್ ಪೈಲಟ್ ಕೇಳಬೇಕು, ಲೆಕ್ಕ ಹಾಕಬೇಕು, ಕಳಿಸಬೇಕು, ಟವರ್ ಅದನ್ನು ಬಳಸಬೇಕು. ಕೆಲವು ಮಿಲಿಸೆಕೆಂಡ್ ಬೇಕೇ ಬೇಕು. 5 ಅಂದುಕೊಳ್ಳಿ. ಜಾತ್ರೆಯಲ್ಲಿ ನಡೆದು ಹೋಗುವವರು ಅಷ್ಟರಲ್ಲಿ ಅರ್ಧ ಸೆಂಟಿಮೀಟರ್ ಸರಿದಿರುತ್ತಾರೆ. 3.5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 8.6 ಸೆಂಟಿಮೀಟರ್, ಹಾಗಾಗಿ ತೊಂದರೆ ಇಲ್ಲ, ವರದಿ ಇನ್ನೂ ತಾಜಾ ಇದೆ. ಈಗ ಸೊಲ್ಲಾಪುರ ಕಡೆಯಿಂದ 52ನೇ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಬರುತ್ತಿದ್ದೀರಿ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್, ಮಿಲಿಸೆಕೆಂಡಿಗೆ ಎರಡು ಸೆಂಟಿಮೀಟರ್. ಐದು ಮಿಲಿಸೆಕೆಂಡಿನಲ್ಲಿ 10 ಸೆಂಟಿಮೀಟರ್. ಒಂದು ಅಲೆಗಿಂತ ಹೆಚ್ಚು ದಾಟಿಬಿಟ್ಟಿರಿ. ಟವರ್ ನಿಮಗಾಗಿ ಮಾಡಿದ ಬೀಮ್ ನೀವು ಆಗಲೇ ಬಿಟ್ಟುಹೋದ ಜಾಗಕ್ಕೆ ಹೊಂದುತ್ತದೆ. ಹೀಗಿದ್ದಾಗ ಟವರ್ ಸೂಕ್ಷ್ಮ ಕೆಲಸವನ್ನೆಲ್ಲ ಬಿಟ್ಟು, ಅಗಲ ಬೀಮ್ ಹಾಕಿ, ಸರಾಸರಿ ವೇಗದಲ್ಲಿ ಕಳಿಸುವುದೇ ಮೇಲು. ದಿಕ್ಕು ಬೇಗ ಬದಲಾಗುವುದಿಲ್ಲ, ಹಂತ ಬೇಗ ಬದಲಾಗುತ್ತದೆ, ಇದನ್ನು ನೆನಪಿಡಿ.

ಹಳಸಿದ ವರದಿ ಪೂರ್ತಿ ದಂಡವಾ? ಹಾಗೇ ಎಲ್ಲರೂ ತಿಳಿದಿದ್ದರು. 2010ರಲ್ಲಿ ಮದ್ದಾ ಅಲಿ ಮತ್ತು ತ್ಸೆ ಅಲ್ಲ ಅಂತ ತೋರಿಸಿದರು. ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದೆ, ಇಲ್ಲಿ ಮಾತಿನಲ್ಲಿ ಹೇಳುತ್ತೇನೆ. ಟವರ್‌ಗೆ ಎರಡು ಆಂಟೆನಾ. ಅಕ್ಕ, ತಮ್ಮ ಇಬ್ಬರ ಹತ್ತಿರ ಒಂದೊಂದು ಆಂಟೆನಾದ ಫೋನ್. ಮೊದಲ ಸರದಿಯಲ್ಲಿ ಅಕ್ಕನಿಗೆ ಬೇಕಾದ ಎರಡು ಸಂಖ್ಯೆ ಎರಡು ಆಂಟೆನಾದಿಂದ ಹೋಗುತ್ತವೆ. ಅಕ್ಕನ ಫೋನಿಗೆ ಅವುಗಳ ಒಂದು ಬೆರಕೆ ಕೇಳಿಸುತ್ತದೆ, ತಮ್ಮನ ಫೋನಿಗೆ ಬೇರೊಂದು ಬೆರಕೆ. ಎರಡನೇ ಸರದಿಯಲ್ಲಿ ತಮ್ಮನ ಎರಡು ಸಂಖ್ಯೆ. ತಮ್ಮನಿಗೆ ಒಂದು ಬೆರಕೆ, ಅಕ್ಕನಿಗೆ ಇನ್ನೊಂದು. ಈಗ ಇಬ್ಬರಿಗೂ ಒಂದೊಂದು ಸಮೀಕರಣ ಕಡಿಮೆ ಇದೆ. ಆದರೆ ಅಕ್ಕನಿಗೆ ಬೇಕಾದ್ದು ತಮ್ಮನ ಹತ್ತಿರ ಬಿದ್ದಿದೆ, ತಮ್ಮನಿಗೆ ಬೇಕಾದ್ದು ಅಕ್ಕನ ಹತ್ತಿರ. ಅಷ್ಟರಲ್ಲಿ ಹಳೆಯ ಚಾನಲ್‌ನ ವರದಿ ಟವರ್‌ಗೆ ಮುಟ್ಟಿತು. ಚಾನಲ್ ಈಗ ಪೂರ್ತಿ ಬದಲಾಗಿದೆ, ಪರವಾಗಿಲ್ಲ. ಯಾರ ಹತ್ತಿರ ಯಾವ ಬೆರಕೆ ಬಿದ್ದಿದೆ ಅಂತ ಟವರ್‌ಗೆ ಗೊತ್ತಾಯಿತಲ್ಲ, ಅಷ್ಟು ಸಾಕು. ಮೂರನೇ ಸರದಿಯಲ್ಲಿ ಆ ಎರಡೂ ಬೆರಕೆಗಳನ್ನು ಕೂಡಿಸಿ ಕಳಿಸುತ್ತದೆ. ಅಕ್ಕ ತನ್ನ ಹತ್ತಿರ ಇದ್ದುದನ್ನು ಕಳೆದರೆ ಬೇಕಾದ್ದು ಉಳಿಯುತ್ತದೆ. ತಮ್ಮನೂ ಹಾಗೆ. ಮೂರು ಸರದಿಯಲ್ಲಿ ನಾಲ್ಕು ಸಂಖ್ಯೆ. ಏನೂ ಗೊತ್ತಿಲ್ಲದಿದ್ದರೆ ಮೂರು ಸರದಿಗೆ ಮೂರು, ಎಲ್ಲ ತಾಜಾ ಗೊತ್ತಿದ್ದರೆ ಆರು. ಇವತ್ತಿನ ಟವರ್‌ಗಳು ಹೀಗೆ ಮಾಡುವುದಿಲ್ಲ. ಆದರೂ ಇದನ್ನು ಹೇಳದೆ ಬಿಡಲು ಆಗಲಿಲ್ಲ, ಯಾಕೆಂದರೆ ಪೆನ್ನು ಕಾಗದ ಇದ್ದರೆ ಸಾಕು, ಇಲ್ಲಿ ಕೂತ ಯಾರು ಬೇಕಾದರೂ ಇಂಥದ್ದೊಂದನ್ನು ಯೋಚಿಸಬಹುದಿತ್ತು.

ಈಗ ನೀವು ಕೇಳಬೇಕಾದ ಪ್ರಶ್ನೆ: ಫೀಡ್‌ಬ್ಯಾಕ್ ಇಲ್ಲದೆಯೇ ಟವರ್ ತಿಳಿದುಕೊಳ್ಳಲು ಆಗುವುದಿಲ್ಲವಾ? ಆಗುತ್ತದೆ, ಅರ್ಧ. ಹೋಗುವುದಕ್ಕೂ ಬರುವುದಕ್ಕೂ ಒಂದೇ ತರಂಗ ಬಳಸಿ, ಹೊತ್ತನ್ನು ಹಂಚಿಕೊಳ್ಳುವ ಪದ್ಧತಿ ಇದೆ, ಟಿಡಿಡಿ. ನಮ್ಮ ದೇಶದಲ್ಲಿ 2022ರ ಅಕ್ಟೋಬರ್‌ನಿಂದ ಬಂದ 5ಜಿಯ 3.3 ಗಿಗಾಹರ್ಟ್ಸ್ ಪಟ್ಟಿ ಈ ಬಗೆಯದು. ಇಲ್ಲಿ ಫೋನ್ ಒಂದು ಪೈಲಟ್ ಕಳಿಸಿದರೆ ಟವರ್ ಅದನ್ನೇ ಅಳೆದು, ಹೋಗುವ ದಾರಿಯೂ ಹೀಗೇ ಇದೆ ಅಂತ ತಿಳಿಯಬಹುದು. ಕೋಡ್‌ಬುಕ್ ಬೇಕಾಗಿಲ್ಲ, ಸೂಕ್ಷ್ಮವೂ ಸಿಗುತ್ತದೆ. ಬೆಲ್ ಲ್ಯಾಬ್ಸ್‌ನ ಮಾರ್ಜೆಟ್ಟಾ 2010ರಲ್ಲಿ ನೂರಾರು ಆಂಟೆನಾಗಳ ಟವರ್ ಕನಸು ಕಂಡಿದ್ದು ಈ ನಂಬಿಕೆಯ ಮೇಲೆಯೇ.

ಅರ್ಧ ಅಂತ ಯಾಕೆ ಅಂದೆ? ದಾರಿ ಎರಡೂ ಕಡೆ ಒಂದೇ, ಆದರೆ ಗದ್ದಲ ಒಂದೇ ಅಲ್ಲ. ನಿಮ್ಮ ಫೋನಿಗೆ ಪಕ್ಕದ ಟವರ್‌ನಿಂದ ಎಷ್ಟು ಅಡ್ಡಿ ಬರುತ್ತಿದೆ ಅನ್ನುವುದು ಟವರ್‌ಗೆ ಕೇಳಿಸುವುದಿಲ್ಲ. ಅದನ್ನು ಫೋನೇ ಹೇಳಬೇಕು, ಸಿಕ್ಯೂಐ ತಪ್ಪಿದ್ದಲ್ಲ. ಎರಡನೆಯದು, ಬಹಳ ಫೋನುಗಳು ನಾಲ್ಕು ಆಂಟೆನಾದಲ್ಲಿ ಕೇಳುತ್ತವೆ, ಒಂದು ಎರಡರಿಂದ ಮಾತ್ರ ಕಳಿಸುತ್ತವೆ. ಮೂರನೆಯದು ನನಗೆ ಬಹಳ ಮುಖ್ಯ. ತೋಟದ ವಸ್ತಿಯಲ್ಲಿ ಇರುವವರ ಫೋನಿನ 200 ಮಿಲಿವಾಟ್ ಅಷ್ಟು ದೂರದ ಟವರ್‌ಗೆ ಮುಟ್ಟುವಾಗ ಗದ್ದಲದಲ್ಲಿ ಮುಳುಗಿರುತ್ತದೆ. ಟವರ್ ಅದನ್ನು ಅಳೆಯಲಾರದು. ಊರೊಳಗಿನವರಿಗೆ 64 ರೇಡಿಯೊಗಳ ಪೂರ್ತಿ ಲಾಭ, ತೋಟದವರಿಗೆ ಮತ್ತೆ ಕೋಡ್‌ಬುಕ್‌ನ ಮೊಂಡು ಬೀಮ್. ಬೀಮ್ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಸಿಗುವುದಿಲ್ಲ.

ಹಳ್ಳಿಗಳಿಗೆ ದೂರ ಮುಟ್ಟುವುದು 700 ಮೆಗಾಹರ್ಟ್ಸ್. ಅದು ಎಫ್‌ಡಿಡಿ. ಫೋನ್ ಕಳಿಸುವುದು 703ರಿಂದ 748ರ ಒಳಗೆ, ಟವರ್ ಕಳಿಸುವುದು 758ರಿಂದ 803ರ ಒಳಗೆ. ತರಂಗ ಬೇರೆ, ಹಂತಗಳು ಬೇರೆ, ಒಂದನ್ನು ಅಳೆದು ಇನ್ನೊಂದನ್ನು ಹೇಳಲು ಆಗುವುದಿಲ್ಲ. ಅಲ್ಲಿ ಫೀಡ್‌ಬ್ಯಾಕ್ ಬಿಟ್ಟರೆ ಬೇರೆ ದಾರಿ ಇಲ್ಲ. ಆದರೆ ಅಲೆ ಬಡಿದು ಬರುವ ಗೋಡೆ ಅದೇ ಗೋಡೆ. ಕೋನ ಅದೇ, ತಡ ಅದೇ. 5ಜಿಯ 17ನೇ ಆವೃತ್ತಿಯಲ್ಲಿ ಇದನ್ನು ಹಿಡಿದುಕೊಂಡರು: ಕೋನ ಮತ್ತು ತಡವನ್ನು ಟವರ್ ತಾನೇ ಅಳೆದುಕೊಳ್ಳಲಿ, ಹಂತ ಮತ್ತು ಬಲವನ್ನು ಮಾತ್ರ ಫೋನ್ ಹೇಳಲಿ. ಇಬ್ಬರೂ ಕೆಲಸ ಹಂಚಿಕೊಂಡರು. ನಮ್ಮಂಥ ಬಯಲು ಜಿಲ್ಲೆಯಲ್ಲಿ ದಾರಿಗಳೇ ಕಡಿಮೆ, ಹೇಳಬೇಕಾದದ್ದೂ ಕಡಿಮೆ, ಹಾಗಾಗಿ ಈ ಉಪಾಯ ಇಲ್ಲಿ ಚೆನ್ನಾಗಿ ಕೂಡಬೇಕು ಅನ್ನುವುದು ನನ್ನ ಅಂದಾಜು. ಯಾರಾದರೂ ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದನ್ನು ಸಿಮ್ಯುಲೇಶನ್ ಮಾಡಿ ನೋಡಬೇಕು ಅಂತ ನನಗೆ ಬಹಳ ಆಸೆ.

ಹೊಸದಾಗಿ ನಡೆಯುತ್ತಿರುವುದು ಎಐ. ಫೋನಿನಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ, ಚಾನಲ್ ಅನ್ನು ಕೆಲವು ಬಿಟ್‌ಗೆ ಕುಗ್ಗಿಸುತ್ತದೆ, ಟವರ್‌ನಲ್ಲಿ ಇನ್ನೊಂದು ಅದನ್ನು ಮತ್ತೆ ಹಿಗ್ಗಿಸುತ್ತದೆ. 18ನೇ ಆವೃತ್ತಿಯಲ್ಲಿ ಇದರ ಅಧ್ಯಯನ ಆಯಿತು. ಗಣಿತಕ್ಕಿಂತ ಕಷ್ಟದ್ದು ಬೇರೆ ಇದೆ. ಫೋನ್ ಮಾಡುವ ಕಂಪನಿ ಒಂದು, ಟವರ್ ಮಾಡುವ ಕಂಪನಿ ಇನ್ನೊಂದು. ಕುಗ್ಗಿಸುವ ಅರ್ಧ ಮತ್ತು ಹಿಗ್ಗಿಸುವ ಅರ್ಧ ಒಟ್ಟಿಗೆ ಕಲಿತಿರಬೇಕು. ಯಾರು ಯಾರಿಗೆ ತಮ್ಮ ಮಾದರಿ ಕೊಡಬೇಕು? ಮತ್ತೆ, ಅದು ಕಲಿತ ಚಾನಲ್‌ಗಳು ಯಾವ ಊರಿನವು? ದೊಡ್ಡ ಶಹರದ ಚಾನಲ್ ನೋಡಿ ಕಲಿತ ನೆಟ್‌ವರ್ಕ್ ಕೃಷ್ಣಾ ದಂಡೆಯ ಬಯಲಿನಲ್ಲಿ, ಕೊಲ್ಹಾರದ ಸೇತುವೆ ಹತ್ತಿರ ನೀರಿನ ಮೇಲಿಂದ ಪ್ರತಿಫಲಿಸಿ ಬರುವ ಅಲೆಗೆ ಹೊಂದುತ್ತದಾ? ನಮ್ಮ ಕಡೆಯ ಚಾನಲ್ ಅಳತೆಗಳನ್ನು ನಾವೇ ಮಾಡಿ ಇಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು, ಸರ್, ಇದನ್ನೆಲ್ಲ ನಮ್ಮ ಫೋನಿನಲ್ಲೇ ನೋಡಬಹುದಾ ಅಂತ. ಸ್ವಲ್ಪ ಮಟ್ಟಿಗೆ ನೋಡಬಹುದು. ಆಂಡ್ರಾಯ್ಡ್‌ನಲ್ಲಿ ಸಿಗ್ನಲ್ ಅಳೆಯುವ ಉಚಿತ ಆಪ್‌ಗಳಿವೆ. ಅವುಗಳಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ ಕಾಣುತ್ತದೆ, ಅದು ಬರೀ ಬಲ, ಕಡ್ಡಿಗಳು ಹೆಚ್ಚಾಗಿ ತೋರಿಸುವುದು ಅದನ್ನೇ. ಪಕ್ಕದಲ್ಲಿ ಎಸ್‌ಐಎನ್‌ಆರ್ ಅಂತ ಇರುತ್ತದೆ, ಅಡ್ಡಿ ಮತ್ತು ಗದ್ದಲಕ್ಕೆ ಹೋಲಿಸಿದ ಬಲ. ಕೆಲವು ಫೋನುಗಳಲ್ಲಿ ಸಿಕ್ಯೂಐ ಕೂಡ ಸಿಗುತ್ತದೆ, ಕೆಲವು ತಯಾರಕರು ಅದನ್ನು ಖಾಲಿ ಬಿಟ್ಟಿರುತ್ತಾರೆ. ಚೌಕದಲ್ಲಿ ಒಂದು ಜಾಗ, ಬಯಲಿನಲ್ಲಿ ಒಂದು ಜಾಗ, ಎರಡರಲ್ಲೂ ಆರ್‌ಎಸ್‌ಆರ್‌ಪಿ ಒಂದೇ ಇರುವ ಹಾಗೆ ಹುಡುಕಿ. ಅದೇ ಫೋನ್, ಅದೇ ಸಿಮ್, ಅದೇ ಪಟ್ಟಿ ಇರಲಿ. ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ, ಯಾಕೆಂದರೆ ಜನ ಹೆಚ್ಚಿದರೆ ಅಡ್ಡಿ ಹೆಚ್ಚುತ್ತದೆ. ನಿಂತು ಒಮ್ಮೆ, ಬೈಕಿನ ಹಿಂದೆ ಕೂತು ಒಮ್ಮೆ. ಎಸ್‌ಐಎನ್‌ಆರ್, ಸಿಕ್ಯೂಐ, ಡೌನ್‌ಲೋಡ್ ವೇಗ ಮೂರನ್ನೂ ಬರೆದಿಡಿ. ಎಸ್‌ಐಎನ್‌ಆರ್ ಒಂದೇ ಇದ್ದು ವೇಗ ಅರ್ಧ ಆಗಿದ್ದರೆ ಸಾಲುಗಳ ಸಂಖ್ಯೆ ಕಡಿಮೆಯಾಗಿದೆಯಾ ಅಥವಾ ಟವರ್‌ನಲ್ಲಿ ಜನ ಹೆಚ್ಚಿದ್ದಾರಾ ಅನ್ನುವುದನ್ನು ಬೆಳಗಿನ ಮತ್ತು ಸಂಜೆಯ ಅಳತೆ ಹೋಲಿಸಿ ಹೇಳಬಹುದು. ಆ ಪಟ್ಟಿ ತನ್ನಿ, ಕೂತು ನೋಡೋಣ.